ಗೋಡೆಯ ಗಡಿಯಾರಕ್ಕೆ ಹೊತ್ತು ಹೇಳಿದವರು

ನಮ್ಮ ಮನೆಯ ನಡುಮನೆಯಲ್ಲಿ ಕೀಲಿ ಕೊಡುವ ಒಂದು ಗೋಡೆ ಗಡಿಯಾರವಿತ್ತು. ದಿನಕ್ಕೆ ಎರಡು ಮೂರು ನಿಮಿಷ ಹಿಂದೆ ಬೀಳುವುದು ಅದರ ಜಾಯಮಾನ. ಆಕಾಶವಾಣಿಯ ವಾರ್ತೆಗೆ ಮುನ್ನ ಬರುವ ‘ಪೀಪ್ ಪೀಪ್’ ಸದ್ದಿಗಾಗಿ ತಂದೆಯವರು ಸ್ಟೂಲಿನ ಮೇಲೆ ನಿಂತು, ನಿಮಿಷದ ಮುಳ್ಳಿಗೆ ಬೆರಳು ತಾಗಿಸಿ ಕಾಯುತ್ತಿದ್ದರು. “ಗಡಿಯಾರಕ್ಕೆ ರೇಡಿಯೋ ಹೊತ್ತು ಹೇಳುತ್ತದೆ, ರೇಡಿಯೋಗೆ ಯಾರು ಹೇಳುತ್ತಾರೆ?” ಎಂದು ಒಮ್ಮೆ ಕೇಳಿದೆ. “ಒಂದು ದೊಡ್ಡ ಗಡಿಯಾರ” ಎಂದರು. ಆ ದೊಡ್ಡ ಗಡಿಯಾರಕ್ಕೆ ಹೇಳುವವರು ಯಾರು? ಅದನ್ನು ಕೇಳುವ ಧೈರ್ಯ ಅಂದು ಇರಲಿಲ್ಲ.

ಉತ್ತರಕ್ಕೆ ಲಂಡನ್ನಿನ ಗ್ರೀನಿಚ್ ವೀಕ್ಷಣಾಲಯಕ್ಕೆ ಹೋಗಬೇಕು. ಅಲ್ಲಿ ಹೊತ್ತು ಹೇಳುವ ಕೆಲಸ ಮೊದಲು ನಡೆದದ್ದು ನಾವಿಕರಿಗಾಗಿ. 1833ರಿಂದ ಪ್ರತಿದಿನ ಮಧ್ಯಾಹ್ನ ಒಂದು ಗಂಟೆಗೆ ಛಾವಣಿಯ ಕಂಬದ ಮೇಲಿನಿಂದ ದೊಡ್ಡದೊಂದು ಚೆಂಡು ಜಾರಿ ಬೀಳುತ್ತಿತ್ತು. ಥೇಮ್ಸ್ ನದಿಯಲ್ಲಿದ್ದ ಹಡಗಿನವರು ಅದನ್ನು ನೋಡಿ ತಮ್ಮ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಸಮಭಾಜಕದ ಬಳಿ ಗಡಿಯಾರ ಕೇವಲ 4 ಸೆಕೆಂಡು ತಪ್ಪಿದರೆ ಹಡಗಿನ ಲೆಕ್ಕ ಒಂದು ನಾವಿಕ ಮೈಲಿಯಷ್ಟು ತಪ್ಪುತ್ತದೆ. ಬಂಡೆಗಳಿರುವ ಕಡಲಿನಲ್ಲಿ ಒಂದು ಮೈಲಿ ಎಂದರೆ ಪ್ರಾಣದ ಪ್ರಶ್ನೆ.

ಚೆಂಡನ್ನು ಕಾಣಲು ನದಿಯಲ್ಲಿರಬೇಕು. ಊರಿನೊಳಗಿನವರು ಏನು ಮಾಡಬೇಕು? ವೀಕ್ಷಣಾಲಯದ ಸಹಾಯಕ ಜಾನ್ ಹೆನ್ರಿ ಬೆಲ್‌ವಿಲ್ 1836ರಲ್ಲಿ ತನ್ನ ಕ್ರೋನೋಮೀಟರನ್ನು ಗ್ರೀನಿಚ್‌ನಲ್ಲಿ ಹೊಂದಿಸಿಕೊಂಡು ಲಂಡನ್ನಿನ ಗಡಿಯಾರದಂಗಡಿಗಳಿಗೆ ಸರಿಯಾದ ಹೊತ್ತನ್ನು ಹೊತ್ತೊಯ್ಯಲು ಆರಂಭಿಸಿದ. ಅವನ ನಂತರ ಪತ್ನಿ ಮರಿಯಾ, ಆಮೇಲೆ ಮಗಳು ರೂತ್ ಆ ಕಾಯಕವನ್ನು ಮುಂದುವರಿಸಿದರು. ಹಾಲು ಮಾರಿದಂತೆ ಹೊತ್ತು ಮಾರಿದ ಈ ಮನೆತನದ ವ್ಯಾಪಾರ ನಿಂತದ್ದು 1940ರಲ್ಲಿ!

ಅಷ್ಟರಲ್ಲಿ ತಂತಿ ಬಂದಿತ್ತು. 1851ರ ಲಂಡನ್ ಮಹಾ ವಸ್ತುಪ್ರದರ್ಶನದಲ್ಲಿ ಚಾರ್ಲ್ಸ್ ಶೆಫರ್ಡ್ ವಿದ್ಯುತ್ ಗಡಿಯಾರವನ್ನು ತೋರಿಸಿದ. ವೀಕ್ಷಣಾಲಯದ ಮುಖ್ಯಸ್ಥ ಜಾರ್ಜ್ ಏರಿ ಅವನನ್ನು ಕರೆಸಿಕೊಂಡು, 1852ರಲ್ಲಿ ಒಳಗೊಂದು ಯಜಮಾನ ಗಡಿಯಾರವನ್ನೂ ಗೇಟಿನ ಪಕ್ಕದ ಗೋಡೆಯಲ್ಲಿ 24 ಗಂಟೆಗಳ ಮುಖವಿದ್ದ ಸೇವಕ ಗಡಿಯಾರವನ್ನೂ ಹಾಕಿಸಿದ. ಒಳಗಿನ ಲೋಲಕ ತೂಗಿದಂತೆಲ್ಲ ಸೆಕೆಂಡಿಗೊಂದು ವಿದ್ಯುತ್ ಸ್ಪಂದನ ಹೊರಡುತ್ತಿತ್ತು. ಗೋಡೆಯ ಗಡಿಯಾರದ ವಿದ್ಯುತ್ಕಾಂತ ಮುಳ್ಳನ್ನು ಒಂದು ಹೆಜ್ಜೆ ಮುಂದೆ ನೂಕುತ್ತಿತ್ತು. ಗೋಡೆಯ ಗಡಿಯಾರಕ್ಕೆ ಸ್ವಂತ ಬುದ್ಧಿಯಿಲ್ಲ, ವಿಧೇಯತೆ ಮಾತ್ರ. ಅದರ ನಿಖರತೆಯ ಗುಟ್ಟೂ ಅದೇ. ಇದೇ ಸ್ಪಂದನಗಳು ತಂತಿಯ ಮೂಲಕ ಲಂಡನ್ನಿಗೂ ರೈಲು ನಿಲ್ದಾಣಗಳಿಗೂ ಹರಿದವು.

ಆದರೆ ಜನ ಒಪ್ಪಬೇಕಲ್ಲ? 1858ರಲ್ಲಿ ಡಾರ್ಚೆಸ್ಟರ್ ಊರಿನ ನ್ಯಾಯಾಧೀಶರು ನ್ಯಾಯಾಲಯದ ಗಡಿಯಾರದಲ್ಲಿ ಹತ್ತು ಹೊಡೆದೊಡನೆ ಪೀಠವೇರಿ, ಪ್ರತಿವಾದಿಯ ಕಡೆಯವರು ಕಾಣಲಿಲ್ಲವೆಂದು ಪ್ರಕರಣವನ್ನು ವಾದಿಯ ಪರ ತೀರ್ಮಾನಿಸಿದರು. ಬಳಿಕ ಬಂದವರ ತಕರಾರು ಸರಳವಾಗಿತ್ತು: “ನಮ್ಮೂರಿನ ಸೂರ್ಯನ ಪ್ರಕಾರ ಇನ್ನೂ ಹತ್ತಾಗಿರಲಿಲ್ಲ!” ಡಾರ್ಚೆಸ್ಟರ್ ಗ್ರೀನಿಚ್‌ಗೆ ಪಶ್ಚಿಮದಲ್ಲಿದ್ದು, ಅಲ್ಲಿನ ಸೂರ್ಯ ಸುಮಾರು ಹತ್ತು ನಿಮಿಷ ತಡ. ಮೇಲಿನ ನ್ಯಾಯಾಲಯ ಸೂರ್ಯನ ಪಕ್ಷವನ್ನೇ ವಹಿಸಿ ಮರುವಿಚಾರಣೆ ಕೊಟ್ಟಿತು. ಗ್ರೀನಿಚ್ ಹೊತ್ತೇ ಬ್ರಿಟನ್ನಿನ ಕಾನೂನಿನ ಹೊತ್ತಾದದ್ದು 1880ರಲ್ಲಿ. ನಿಖರತೆಗೆ ಯಂತ್ರವೊಂದೇ ಸಾಲದು, ಎಲ್ಲರ ಒಪ್ಪಿಗೆಯೂ ಬೇಕು.

ಮುಂದಿನ ಹೆಜ್ಜೆಗೆ ತಂತಿಯೂ ಬೇಕಾಗಲಿಲ್ಲ. 1924ರ ಫೆಬ್ರುವರಿ 5ರಂದು ಬಿಬಿಸಿ ರೇಡಿಯೋ ಆರು ‘ಪೀಪ್’ಗಳನ್ನು ಪ್ರಸಾರ ಮಾಡಿತು. ಗ್ರೀನಿಚ್‌ನ ಲೋಲಕ ಗಡಿಯಾರದಿಂದ ಬಂದ ಸ್ಪಂದನವೇ ಆ ಸದ್ದಿನ ತಾಯಿ. ಒಂದು ಕೆಟ್ಟರೆ ಇರಲೆಂದು ಎರಡು ಗಡಿಯಾರಗಳನ್ನು ಇಟ್ಟಿದ್ದರು. ಆ ಎಚ್ಚರಿಕೆ ನಮ್ಮಂಥ ಪ್ರಸಾರದವರಿಗೆ ಚೆನ್ನಾಗಿ ಅರ್ಥವಾಗುತ್ತದೆ!

ಇನ್ನು ಬಾಲ್ಯದ ಆ ಕೇಳದ ಪ್ರಶ್ನೆ. ದೊಡ್ಡ ಗಡಿಯಾರಕ್ಕೆ ಹೊತ್ತು ಹೇಳುತ್ತಿದ್ದದ್ದು ನಕ್ಷತ್ರಗಳು. ಗೊತ್ತಾದ ತಾರೆಯೊಂದು ದೂರದರ್ಶಕದ ಎಳೆಯನ್ನು ದಾಟುವ ಕ್ಷಣವನ್ನು ಗುರುತಿಸಿ ಗಡಿಯಾರದ ತಪ್ಪನ್ನು ಅಳೆಯುತ್ತಿದ್ದರು. 1955ರಲ್ಲಿ ಇಂಗ್ಲೆಂಡಿನ ಲೂಯಿ ಎಸೆನ್ ಸೀಸಿಯಂ ಪರಮಾಣು ಗಡಿಯಾರ ಕಟ್ಟಿದ ಮೇಲೆ ಆ ಗುರುಪೀಠ ಆಕಾಶದಿಂದ ಪರಮಾಣುವಿಗೆ ಇಳಿಯಿತು. 1967ರಿಂದ ಸೆಕೆಂಡಿನ ವ್ಯಾಖ್ಯೆಯೇ ಸೀಸಿಯಂ ಪರಮಾಣುವಿನ 9,192,631,770 ಕಂಪನಗಳು.

ಇಂದು ಜರ್ಮನಿಯಲ್ಲಿ ಸಾಧಾರಣ ಗೋಡೆ ಗಡಿಯಾರಕ್ಕೂ ಪರಮಾಣುವಿನ ಹೊತ್ತು ಸಿಗುತ್ತದೆ. ಫ್ರಾಂಕ್‌ಫರ್ಟ್ ಬಳಿಯ ರೇಡಿಯೋ ಕೇಂದ್ರದ 77.5 ಕಿಲೋಹರ್ಟ್ಸ್ ಅಲೆ ಸೆಕೆಂಡಿಗೊಮ್ಮೆ ಕುಗ್ಗುತ್ತದೆ. 0.1 ಸೆಕೆಂಡು ಕುಗ್ಗಿದರೆ ಸೊನ್ನೆ, 0.2 ಸೆಕೆಂಡು ಕುಗ್ಗಿದರೆ ಒಂದು. ನಿಮಿಷದ ಕೊನೆಯ ಸೆಕೆಂಡಿನಲ್ಲಿ ಮೌನ. ಮೌನ ಕಳೆದು ಬರುವ ಮುಂದಿನ ಕುಗ್ಗುವಿಕೆಯೇ ಹೊಸ ನಿಮಿಷದ ಆರಂಭ. ಗಡಿಯಾರದೊಳಗಿನ ಪುಟ್ಟ ಆಂಟೆನಾ ಇದನ್ನು ಓದಿ ಮುಳ್ಳುಗಳನ್ನು ತಾನೇ ತಿದ್ದಿಕೊಳ್ಳುತ್ತದೆ.

ವೀಕ್ಷಕರಿಗೆ ಒಂದು ಕಿವಿಮಾತು. ನಮ್ಮ ಪರದೆಯ ಮೂಲೆಯ ಹೊತ್ತನ್ನು ನೋಡಿ ಸೆಕೆಂಡನ್ನು ಸರಿಮಾಡಿಕೊಳ್ಳಬೇಡಿ. ಉಪಗ್ರಹಕ್ಕೆ ಏರಿ ಇಳಿಯಲು ಚಿತ್ರಕ್ಕೆ ಸುಮಾರು ಕಾಲು ಸೆಕೆಂಡು ಬೇಕು. ಡಿಜಿಟಲ್ ಸಂಸ್ಕರಣೆ ಇನ್ನಷ್ಟು ತಡಮಾಡುತ್ತದೆ. ಆ ಮಟ್ಟಿಗೆ ತಂದೆಯವರ ಹಳೆಯ ರೇಡಿಯೋವೇ ನಮಗಿಂತ ಪ್ರಾಮಾಣಿಕವಾಗಿತ್ತು. ಸ್ಟೂಲಿನ ಮೇಲೆ ನಿಂತಿದ್ದ ಅವರ ಬೆರಳ ತುದಿಗೆ, ನಡುವೆ ಎಷ್ಟೋ ಕೈ ದಾಟಿ, ನಂಬಿಕೆಯ ಸರಪಳಿಯೊಂದು ಬಂದು ಮುಟ್ಟುತ್ತಿತ್ತು.