ಪೊದೆಗಾಡನ್ನು ಕಡಿದ ಯಂತ್ರಗಳು: ಕೊಂಗ್ವಾ ಪ್ರಯೋಗದ ಪುನರ್ವಿವೇಚನೆ

ವ್ಯವಸಾಯದ ಚರಿತ್ರೆಯನ್ನು ಬರೆಯುವವರು ಬೆಳೆ, ಕಂದಾಯ, ನೀರಾವರಿ ಮೊದಲಾದುವನ್ನು ಕುರಿತು ವಿಸ್ತಾರವಾಗಿ ವಿವೇಚಿಸುತ್ತಾರೆ. ಬೆಳೆಗೆ ಮುನ್ನ ನೆಲವನ್ನು ಹಸನು ಮಾಡಿದ ಬಗೆಯನ್ನು ಮಾತ್ರ ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುತ್ತಾರೆ. ‘ಕಾಡು ಕಡಿದು ಸಾಗುವಳಿಗೆ ತಂದರು’ ಎಂಬ ಮಾತಿನಲ್ಲಿ ಎಷ್ಟೋ ವರ್ಷಗಳ ದುಡಿಮೆ ಅಡಗಿಹೋಗುತ್ತದೆ. ಯಾವ ಉಪಕರಣದಿಂದ, ಯಾವ ಋತುವಿನಲ್ಲಿ, ಎಷ್ಟು ಆಳದವರೆಗೆ ಎಂಬ ಪ್ರಶ್ನೆಗಳು ತಾಂತ್ರಿಕರಿಗೆ ಸೇರಿದುವೆಂದು ಇತಿಹಾಸಕಾರನು ಬಿಟ್ಟುಕೊಡುವುದು ವಾಡಿಕೆ. ಆದರೆ ಒಂದು ಸಾಮ್ರಾಜ್ಯದ ಬೊಕ್ಕಸವನ್ನೇ ಬಾಧಿಸಿದ ಯೋಜನೆಯೊಂದರ ಸೋಲಿಗೆ ಈ ಪ್ರಶ್ನೆಗಳಲ್ಲಿಯೇ ಕಾರಣ ದೊರೆಯುವುದಾದರೆ ಅವುಗಳನ್ನು ನಾವು ಉಪೇಕ್ಷಿಸಲಾಗದು. ಪೂರ್ವ ಆಫ್ರಿಕದ ನೆಲಗಡಲೆ ಯೋಜನೆಯು ಅಂಥದೊಂದು.

ದ್ವಿತೀಯ ಮಹಾಯುದ್ಧ ಮುಗಿದಾಗ ಬ್ರಿಟನ್ನಿನಲ್ಲಿ ಅಡಿಗೆಯ ಎಣ್ಣೆ ಮತ್ತು ಕೊಬ್ಬಿನ ಅಭಾವ ತೀವ್ರವಾಗಿತ್ತು. ಯುನೈಟೆಡ್ ಆಫ್ರಿಕಾ ಕಂಪನಿಯ ಫ್ರಾಂಕ್ ಸ್ಯಾಮ್ಯುಎಲ್ ಎಂಬುವನು 1946ರಲ್ಲಿ ಸರ್ಕಾರದ ಮುಂದೆ ಒಂದು ಸಲಹೆಯನ್ನಿಟ್ಟನು: ಟಾಂಗನೀಕದ ಜನವಿರಳ ಪ್ರದೇಶಗಳಲ್ಲಿ ಯಂತ್ರಗಳ ಸಹಾಯದಿಂದ ನೆಲಗಡಲೆಯನ್ನು ಬೆಳೆಯಬಹುದು. ಟಾಂಗನೀಕದ ಕೃಷಿ ಇಲಾಖೆಯ ನಿರ್ದೇಶಕನಾಗಿದ್ದ ಜಾನ್ ವೇಕ್‌ಫೀಲ್ಡನ ನೇತೃತ್ವದ ನಿಯೋಗ ಅದೇ ವರ್ಷ ಸ್ಥಳಗಳನ್ನು ನೋಡಿ ಬಂದು ವರದಿ ಒಪ್ಪಿಸಿತು. ತಲಾ 30,000 ಎಕರೆಗಳ 107 ಘಟಕಗಳು, ಒಟ್ಟು 32,10,000 ಎಕರೆಗಳು: ಇದು ವರದಿಯ ಲೆಕ್ಕ. ಇವುಗಳಲ್ಲಿ 80 ಘಟಕಗಳು ಟಾಂಗನೀಕದಲ್ಲಿ, 17 ಉತ್ತರ ರೊಡೀಷಿಯದಲ್ಲಿ, ಉಳಿದ ಹತ್ತು ಕೆನ್ಯದಲ್ಲಿ. ಆಹಾರ ಸಚಿವನಾಗಿದ್ದ ಜಾನ್ ಸ್ಟ್ರೇಚಿ ಯೋಜನೆಯನ್ನು ಅಂಗೀಕರಿಸಿ 1947ರಲ್ಲಿ ಪಾರ್ಲಿಮೆಂಟಿನ ಮುಂದಿಟ್ಟನು. ಮೊದಲನೆಯ ವರ್ಷವೇ 1,50,000 ಎಕರೆಯನ್ನು ಬಿತ್ತನೆಗೆ ತರಬೇಕೆಂಬುದು ಸಂಕಲ್ಪ. ಕೊಂಗ್ವಾ ಎಂಬಲ್ಲಿ ಕೆಲಸ ಪ್ರಾರಂಭವಾಯಿತು.

ಕೊಂಗ್ವಾ ದಾರ್-ಎಸ್-ಸಲಾಮ್ ಬಂದರಿನಿಂದ 200 ಮೈಲಿಗೂ ಹೆಚ್ಚು ದೂರದಲ್ಲಿ, ಒಳನಾಡಿನ ಒಣಪ್ರದೇಶದಲ್ಲಿದೆ. ದನಕರುಗಳನ್ನು ಸಾಕಿಕೊಂಡು ಬಂದ ಗೋಗೋ ಜನರ ಸೀಮೆ ಅದು. ಅಲ್ಲಿಯ ಕಾಡು ನಮ್ಮ ಮಲೆನಾಡಿನ ಕಾಡಿನಂಥದಲ್ಲ. ಮುಳ್ಳುಗಿಡ, ಕುರುಚಲು ಮರ, ಬಳ್ಳಿ ಇವು ಒಂದಕ್ಕೊಂದು ಹೆಣೆದುಕೊಂಡು ಮನುಷ್ಯ ನುಸುಳಲಾಗದ ಗೋಡೆಯಂತೆ ಬೆಳೆದಿರುತ್ತವೆ. ನಡುನಡುವೆ ದಪ್ಪ ಕಾಂಡದ ಬಾವೋಬಾಬ್ ಮರಗಳು. ನೋಡುವವನಿಗೆ ಇದು ದೊಡ್ಡ ಶತ್ರುವೆಂದು ತೋರುವುದಿಲ್ಲ. ಮರಗಳು ಎತ್ತರವಲ್ಲ, ಕಾಂಡಗಳು ಬಹುಮಟ್ಟಿಗೆ ತೆಳು. ಭಾರವಾದ ಟ್ರ್ಯಾಕ್ಟರಿನ ಮುಂದೆ ಉಕ್ಕಿನ ಅಲಗನ್ನು ಕಟ್ಟಿ ನೂಕಿದರೆ ನೆಲಕ್ಕೆ ಬೀಳುತ್ತವೆ. ಹೀಗೆ ನೆಲದ ಮೇಲಿರುವುದನ್ನು ಮಾತ್ರ ಕಂಡು ಲೆಕ್ಕ ಹಾಕಿದವರೇ ಮುಂದೆ ಮೋಸಹೋದರು.

ಯಂತ್ರಗಳಾದರೂ ಎಲ್ಲಿಂದ ಬಂದುವು? ಹೊಸ ಟ್ರ್ಯಾಕ್ಟರುಗಳು ಯುದ್ಧಾನಂತರದ ಪೇಟೆಯಲ್ಲಿ ದೊರೆಯುತ್ತಿರಲಿಲ್ಲ. ಅಮೆರಿಕದ ಸೈನ್ಯ ಫಿಲಿಪೈನ್ಸ್ ಮೊದಲಾದೆಡೆ ಬಿಟ್ಟುಹೋದ ಹಳೆಯ ಯಂತ್ರಗಳನ್ನು ಕೊಂಡು ಹಡಗಿನಲ್ಲಿ ತರಿಸಲಾಯಿತು. ಅವುಗಳಲ್ಲಿ ಬಹುಭಾಗ ಸವೆದು ಹೋದುವು. ಬಿಡಿಭಾಗಗಳು ಇರಲಿಲ್ಲ, ರಿಪೇರಿ ಮಾಡುವ ಕಾರ್ಖಾನೆ ಸಿದ್ಧವಾಗಿರಲಿಲ್ಲ. ಬಂದರು ಸಣ್ಣದು, ರೈಲು ದಾರಿ ಒಂದೇ ಸಾಲು. ಇನ್ನು ಶೆರ್ಮನ್ ಟ್ಯಾಂಕುಗಳನ್ನು ಮಾರ್ಪಡಿಸಿ ವಿಕರ್ಸ್ ಕಂಪನಿ ಸಿದ್ಧಗೊಳಿಸಿದ ‘ಶೆರ್ವಿಕ್’ ಎಂಬ ಯಂತ್ರವೂ ನಿರೀಕ್ಷಿಸಿದಂತೆ ನಡೆಯಲಿಲ್ಲ. ಯುದ್ಧದ ಟ್ಯಾಂಕನ್ನು ಕರಗಿಸಿ ನೇಗಿಲಾಗಿಸುವ ಆಸೆ ಪ್ರವಾದಿಗಳ ಕಾಲದಿಂದ ಬಂದದ್ದು. ಇಲ್ಲಿ ಕರಗಿಸುವ ಶ್ರಮವನ್ನು ಸಹ ತೆಗೆದುಕೊಳ್ಳದೆ ಗೋಪುರವನ್ನು ಕಳಚಿ ಹೊಲಕ್ಕೆ ಇಳಿಸಿದರು ಎನ್ನದೆ ವಿಧಿಯಿಲ್ಲ.

ವಿಧಾನಗಳ ವಿಷಯಕ್ಕೆ ಬರೋಣ. ಮೊದಲು ಬುಲ್‌ಡೋಜರುಗಳು ಒಂದೊಂದಾಗಿ ಪೊದೆಗಳನ್ನು ನೂಕಿದುವು. ಅಲಗು ಒಂದು ಬಾರಿಗೆ ಕೆಲವೇ ಅಡಿ ಅಗಲವನ್ನು ಕೆಡಹುತ್ತದೆ. ಬಿದ್ದ ಮರಗಳ ರಾಶಿ ಚಾಲಕನ ಕಣ್ಣಿಗೆ ಅಡ್ಡವಾಗುತ್ತದೆ. ಮುರಿದ ಕೊಂಬೆ ಯಂತ್ರದ ಹೊಟ್ಟೆಗೆ ನುಗ್ಗುತ್ತದೆ. ಅನಂತರ ಕಂಡುಕೊಂಡ ಉಪಾಯ ಸರಪಳಿಯದು. ಎರಡು ಟ್ರ್ಯಾಕ್ಟರುಗಳು ಅಂತರವಿಟ್ಟು ಸಮಾನವಾಗಿ ನಡೆಯುತ್ತವೆ. ಅವುಗಳ ನಡುವೆ ಹಡಗಿನ ಲಂಗರಿಗೆ ಕಟ್ಟುವಂಥ ಭಾರವಾದ ಸರಪಳಿ ಬಿಲ್ಲಿನಂತೆ ಬಾಗಿ ನೆಲದ ಮೇಲೆ ಎಳೆಯಲ್ಪಡುತ್ತದೆ. ಬಗ್ಗದ ಮರವೇನಾದರೂ ಎದುರಾದರೆ ಹಿಂದೆ ಬರುವ ಮೂರನೆಯ ಯಂತ್ರ ಅದನ್ನು ನೂಕಿ ಕೆಡಹುತ್ತದೆ. ಇದರಿಂದ ಕಾಡು ಕೆಡಹುವ ಕೆಲಸ ಬಹಳ ಬೇಗ ಸಾಗಿತು. ಹಡಗಿಲ್ಲದ ಒಳನಾಡಿಗೆ ಲಂಗರಿನ ಸರಪಳಿ ಬೇಕೆಂದು ಬಂದ ಬೇಡಿಕೆಯನ್ನು ಲಂಡನ್ನಿನ ಕಚೇರಿ ಯಾರದೋ ವಿನೋದವೆಂದು ಭಾವಿಸಿತಂತೆ. ಕಥೆ ಸೊಗಸಾಗಿದೆ, ಅದರ ಮೇಲೆ ಹೆಚ್ಚು ಭಾರ ಹೊರಿಸುವುದು ಬೇಡ.

ಇಲ್ಲಿ ಒಂದು ಭೇದವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಕಾಡನ್ನು ಕೆಡಹುವುದು ಒಂದು ಕೆಲಸ, ನೆಲವನ್ನು ಬಿತ್ತನೆಗೆ ಸಿದ್ಧಪಡಿಸುವುದು ಇನ್ನೊಂದು. ಬಿದ್ದುದನ್ನು ಸಾಲಾಗಿ ಒಟ್ಟಿ ಸುಟ್ಟಮೇಲೂ ಬೇರುಗಳ ಜಾಲ ಹಾಗೆಯೇ ಉಳಿದಿತ್ತು. ಉಕ್ಕಿನ ಹಲ್ಲುಗಳುಳ್ಳ ಬೇರುಕೀಳುವ ಉಪಕರಣವನ್ನು ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಎಳೆದಾಗ ಹಲ್ಲುಗಳು ಬಾಗಿದುವು, ಮುರಿದುವು. ಕೊಂಗ್ವಾದ ಮಣ್ಣಿನಲ್ಲಿ ಜೇಡಿಯೊಡನೆ ಬೆಣಚುಕಲ್ಲಿನ ಹರಳು ಬೆರೆತಿದೆ. ಬೇಸಗೆಯಲ್ಲಿ ಅದು ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಹರಳು ಅರದಂತೆ ಉಕ್ಕನ್ನು ತೇಯುತ್ತದೆ. ಸರಪಳಿಯ ವೇಗ ಹೆಚ್ಚಿದಷ್ಟೂ ಬೇರು ಕೀಳುವ ಕೆಲಸ ಹಿಂದೆ ಬಿದ್ದಿತೆಂಬುದು ನನ್ನ ಅಭಿಪ್ರಾಯದಲ್ಲಿ ಈ ಯೋಜನೆಯ ತಿರುಳು. 1947ರ ಕೊನೆಗೆ ಬಿತ್ತನೆಗೆ ಸಿದ್ಧವಾದುದು ಸುಮಾರು 7,500 ಎಕರೆ. ಸಂಕಲ್ಪದ ಇಪ್ಪತ್ತನೆಯ ಒಂದು ಪಾಲು. ಇಷ್ಟಾಗಿ ಬೆಳೆದ ನೆಲಗಡಲೆಯನ್ನು ಕೀಳಹೋದಾಗ ಅದೇ ಮಣ್ಣು ಮತ್ತೆ ಗಟ್ಟಿಯಾಗಿ ಕಾಯಿಗಳನ್ನು ಹಿಡಿದುಕೊಂಡಿತು.

ಯೋಜನೆಯ ಹೊಣೆಯನ್ನು 1948ರಲ್ಲಿ ಓವರ್‌ಸೀಸ್ ಫುಡ್ ಕಾರ್ಪೊರೇಷನ್ ವಹಿಸಿಕೊಂಡಿತು. ಉರಂಬೊ, ನಚಿಂಗ್ವೇಯ ಎಂಬ ಇನ್ನೆರಡು ಸ್ಥಳಗಳಲ್ಲಿಯೂ ಕೆಲಸ ನಡೆಯಿತು. 1951ರ ಜನವರಿಯಲ್ಲಿ ಸರ್ಕಾರ ಮೂಲ ಯೋಜನೆಯನ್ನು ಕೈಬಿಟ್ಟು ಸುಮಾರು 3 ಕೋಟಿ 60 ಲಕ್ಷ ಪೌಂಡುಗಳನ್ನು ನಷ್ಟಕ್ಕೆ ಬರೆಯಿತು. ವಿರೋಧ ಪಕ್ಷದವರು ಇದನ್ನು ಸರ್ಕಾರಿ ಉದ್ಯಮದ ದೋಷವೆಂದರು. ಸಮರ್ಥಿಸುವವರು ಮಳೆ ಬಾರದುದನ್ನು ತೋರಿಸಿದರು. ಎರಡು ಮಾತಿನಲ್ಲಿಯೂ ಸತ್ಯಾಂಶವಿದೆ. ಆದರೆ ಸಲಹೆ ಮೊದಲು ಬಂದುದು ಖಾಸಗಿ ಕಂಪನಿಯಿಂದ, ಮೊದಲನೆಯ ವರ್ಷದ ನಿರ್ವಹಣೆಯೂ ಅದರದೇ. ಅಲ್ಲದೆ ಬೇರಿನ ಸಮಸ್ಯೆ ಬರಗಾಲಕ್ಕೆ ಮುಂಚೆಯೇ ಎದುರಾಗಿತ್ತು.

ಇದಕ್ಕೆ ಬೇರೆ ದಾರಿ ಇರಲಿಲ್ಲವೇ? ದಕ್ಷಿಣ ಆಸ್ಟ್ರೇಲಿಯದ ರೈತರು ಎಪ್ಪತ್ತು ವರ್ಷ ಮೊದಲೇ ಇಂಥದೇ ಕಷ್ಟವನ್ನು ಕಂಡಿದ್ದರು. ‘ಮ್ಯಾಲಿ’ ಎಂಬ ಕುರುಚಲು ನೀಲಗಿರಿಯ ಬುಡದಲ್ಲಿ ಗೆಡ್ಡೆಯಂಥ ಗಂಟೊಂದು ನೆಲದೊಳಗಿರುತ್ತದೆ. ಮೇಲೆ ಕಡಿದರೆ ಅದರಿಂದ ಮತ್ತೆ ಚಿಗುರುತ್ತದೆ. ಮಲ್ಲನ್ ಎಂಬ ರೈತನ ಹೆಸರಿನಿಂದ ಪ್ರಸಿದ್ಧವಾದ ಕ್ರಮದಲ್ಲಿ ಭಾರವಾದ ಉರುಳೆಯನ್ನೆಳೆದು ಪೊದೆಯನ್ನು ನೆಲಸಮ ಮಾಡಿ, ಒಣಗಿದಮೇಲೆ ಸುಟ್ಟು, ಬೇರು ಕೀಳದೆಯೇ ಗೋಧಿ ಬಿತ್ತುತ್ತಿದ್ದರು. ಕೊಯ್ಲಾದಮೇಲೆ ಕೂಳೆಯನ್ನೂ ಹೊಸ ಚಿಗುರನ್ನೂ ಒಟ್ಟಿಗೆ ಸುಡುತ್ತಿದ್ದರು. ವರ್ಷವರ್ಷವೂ ಹೀಗೆ ಮಾಡಿದರೆ ಗಂಟು ಸೊರಗಿ ಸಾಯುತ್ತಿತ್ತು. 1876ರಲ್ಲಿ ರಿಚರ್ಡ್ ಬೌಯರ್ ಸ್ಮಿತ್ ಎಂಬುವನು ನೇಗಿಲನ್ನೇ ಬದಲಾಯಿಸಿದನು. ಅವನ ನೇಗಿಲಿನಲ್ಲಿ ಪ್ರತಿಯೊಂದು ಕುಳವೂ ಬೇರೆಬೇರೆಯಾಗಿ ಕೀಲಿನ ಮೇಲೆ ಆಡುತ್ತದೆ. ಬೇರು ತಗಲಿದೊಡನೆ ಮೇಲೆದ್ದು ದಾಟಿ, ಭಾರದಿಂದ ಮತ್ತೆ ಮಣ್ಣಿಗೆ ಇಳಿಯುತ್ತದೆ. ಅಣ್ಣತಮ್ಮಂದಿರಲ್ಲಿ ಕ್ಲಾರೆನ್ಸ್ ಸ್ಮಿತ್ ಅದನ್ನು ಸುಧಾರಿಸಿ ತಯಾರಿಸತೊಡಗಿದನು. ಬೇರನ್ನು ಗೆಲ್ಲಲಾಗದಿದ್ದರೆ ಅದರೊಡನೆ ಕೆಲಕಾಲ ಬಾಳುವ ಯುಕ್ತಿ ಇದು. ಆದರೆ ಇದಕ್ಕೆ ಹತ್ತಾರು ವರ್ಷ ಅಲ್ಲಿಯೇ ಇದ್ದು ದುಡಿಯುವ ಒಕ್ಕಲು ಬೇಕು. ಒಂದೇ ವರ್ಷದಲ್ಲಿ ಲಕ್ಷೋಪಲಕ್ಷ ಎಕರೆ ಬೇಕೆನ್ನುವ ಸಚಿವಾಲಯಕ್ಕೆ ಆ ತಾಳ್ಮೆ ಇರಲು ಸಾಧ್ಯವಿರಲಿಲ್ಲ.

ನಮ್ಮ ದೇಶದ ಉದಾಹರಣೆ ಇನ್ನೂ ಬೋಧಪ್ರದ. ಮಧ್ಯಭಾರತ, ಭೋಪಾಲ, ಬುಂದೇಲಖಂಡಗಳ ಕರಿಮಣ್ಣಿನ ಪ್ರದೇಶದಲ್ಲಿ ಕಾಂಸ್ ಎಂಬ ಹುಲ್ಲು, ಅಂದರೆ ಸಂಸ್ಕೃತ ಕವಿಗಳು ಶರತ್ಕಾಲದ ವರ್ಣನೆಯಲ್ಲಿ ಮೆಚ್ಚಿಕೊಂಡ ಕಾಶ, ಬರ ಬಂದು ಸಾಗುವಳಿ ನಿಂತ ಹೊಲಗಳನ್ನು ಆಕ್ರಮಿಸುತ್ತಿತ್ತು. ಎತ್ತಿನ ನೇಗಿಲು ತಲಪದ ಆಳದಲ್ಲಿ ಅದರ ಬೇರುಕಾಂಡಗಳು ಹಬ್ಬಿರುತ್ತವೆ. ಮೇಲೆ ಕತ್ತರಿಸಿದರೆ ತುಂಡುತುಂಡೂ ಚಿಗುರುತ್ತದೆ. ರೈತರು ಹೊಲವನ್ನು ಹತ್ತು ಹದಿನೈದು ವರ್ಷ ಬೀಳುಬಿಟ್ಟು ಹುಲ್ಲು ತಾನಾಗಿ ಸಾಯುವುದನ್ನು ಕಾಯುತ್ತಿದ್ದರು. 1947ರಲ್ಲಿ ಆರಂಭವಾದ ಕೇಂದ್ರೀಯ ಟ್ರ್ಯಾಕ್ಟರ್ ಸಂಸ್ಥೆಯೂ ಅಮೆರಿಕದ ಸೈನ್ಯ ಬಿಟ್ಟುಹೋದ ಯಂತ್ರಗಳಿಂದಲೇ ಕೆಲಸ ತೊಡಗಿತು. 1949ರ ಸೆಪ್ಟೆಂಬರಿನಲ್ಲಿ ವಿಶ್ವಬ್ಯಾಂಕು ಹೊಸ ಯಂತ್ರಗಳಿಗಾಗಿ ಒಂದು ಕೋಟಿ ಡಾಲರುಗಳ ಸಾಲವನ್ನು ಮಂಜೂರು ಮಾಡಿತು. ಯಂತ್ರದ ಮೂಲ ಒಂದೇ ಆದರೂ ಉಪಯೋಗಿಸಿದ ರೀತಿ ಬೇರೆ. ಇಲ್ಲಿ ಶತ್ರು ಯಾವುದು, ಅದು ಎಷ್ಟು ಆಳದಲ್ಲಿದೆ ಎಂಬುದು ಮೊದಲೇ ತಿಳಿದಿತ್ತು. ಬೇಸಗೆಯಲ್ಲಿ ಭಾರವಾದ ನೇಗಿಲಿನಿಂದ ಒಂದು ಅಡಿಯ ಆಸುಪಾಸಿನ ಆಳಕ್ಕೆ ಉತ್ತು ಬೇರುಕಾಂಡಗಳನ್ನು ಮೇಲೆ ಹಾಕುತ್ತಿದ್ದರು. ಕೊಲ್ಲುವ ಕೆಲಸವನ್ನು ವೈಶಾಖ ಜ್ಯೇಷ್ಠಗಳ ಬಿಸಿಲು ಮಾಡುತ್ತಿತ್ತು. ಧಾರವಾಡ ಸೀಮೆಯ ಒಕ್ಕಲಿಗರು ಕರಿನೆಲದ ಕರಿಕೆಯನ್ನು ಕೀಳಲು ಹಲವು ಜೋಡಿ ಎತ್ತುಗಳನ್ನು ಹೂಡಿ ದೊಡ್ಡ ನೇಗಿಲನ್ನು ಹೊಡೆಯುತ್ತಿದ್ದುದೂ ಇದೇ ತತ್ತ್ವದ ಮೇಲೆ.

ಎರಡು ಪ್ರಯೋಗಗಳನ್ನು ಸಮನಾಗಿ ತೂಗುವುದು ಪೂರ್ಣ ನ್ಯಾಯವಲ್ಲವೆಂಬುದನ್ನು ಒಪ್ಪಬೇಕು. ಕಾಂಸ್ ಹುಲ್ಲು, ಮರವಲ್ಲ. ಬುಂದೇಲಖಂಡದ ನೆಲ ಹಿಂದೆ ಉತ್ತ ನೆಲವೇ, ಅದಕ್ಕೆ ಒಡೆಯನಾದ ರೈತನು ಪಕ್ಕದಲ್ಲಿಯೇ ಇದ್ದನು. ಕೊಂಗ್ವಾದಲ್ಲಿ ಹೊಲವನ್ನೂ ಒಕ್ಕಲನ್ನೂ ಏಕಕಾಲದಲ್ಲಿ ಸೃಷ್ಟಿಸಬೇಕಾಗಿತ್ತು. ಆದರೂ ಗೋಗೋ ಜನರು ಆ ನೆಲವನ್ನು ಏತಕ್ಕೆ ಬಳಸುತ್ತಿದ್ದರು, ಅದನ್ನೇಕೆ ಉಳುತ್ತಿರಲಿಲ್ಲ ಎಂದು ವಿಚಾರಿಸಿದ್ದರೆ ಮಣ್ಣಿನ ಸ್ವಭಾವವೂ ಮಳೆಯ ಚಂಚಲತೆಯೂ ಕೆಲಮಟ್ಟಿಗಾದರೂ ತಿಳಿಯುತ್ತಿದ್ದುವು. ಯೋಜನೆ ನಿಂತಮೇಲೆ ಕೊಂಗ್ವಾದಲ್ಲಿ ಕಾಡು ಕಡಿದ ನೆಲದ ದೊಡ್ಡ ಭಾಗ ದನಗಳನ್ನು ಸಾಕುವ ಹುಲ್ಲುಗಾವಲಾಯಿತು.