ಗಡಿನಗರ ರಾಯಚೂರು

ಕೃಷ್ಣಾ-ತುಂಗಭದ್ರೆಯರ ನಡುವಣ ರಾಯಚೂರು ಹಲವು ಪ್ರಭುತ್ವಗಳನ್ನು ಕಂಡ ನಗರ. ಸೈನ್ಯವೆಚ್ಚದ ಬಾಕಿಗಾಗಿ 1853ರ ಒಪ್ಪಂದದಂತೆ ನಿಜಾಮರು ಈ ಸೀಮೆಯನ್ನು ಆಂಗ್ಲರಿಗೆ ಒಪ್ಪಿಸಿದರು. 1860ರಲ್ಲಿ ಅದು ಮರಳಿ ಹೈದರಾಬಾದ್ ಸಂಸ್ಥಾನವನ್ನು ಸೇರಿತು. 1871ರಲ್ಲಿ ಮುಂಬಯಿ ಹಾಗೂ ಮದರಾಸಿನ ರೈಲುಮಾರ್ಗಗಳು ಇಲ್ಲಿ ಸಂಧಿಸಿದವು.

1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಕೊನೆಗೊಂಡ ಮೇಲೂ ರಾಯಚೂರಿನವರಿಗೆ ಹೈದರಾಬಾದೇ ರಾಜಧಾನಿಯಾಗಿತ್ತು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಅದೇ ಜಿಲ್ಲೆಯ ಗದ್ವಾಲ, ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಓದು, ನೌಕರಿಗಳಿಗಾಗಿ ಹೈದರಾಬಾದಿನಲ್ಲಿ ನೆಲೆಸಿದ್ದ ಕನ್ನಡಿಗರು ಮನೆ ಬದಲಿಸದೆಯೇ ಪರರಾಜ್ಯದವರಾದರು.

ಮಲ್ಕಾಜ್‌ಗಿರಿಯಿಂದ ಮದುವೆ, ಮುಂಜಿಗಳಿಗೆಂದು ರಾಯಚೂರಿಗೆ ತೆರಳುವವರು ಇಂದು ರಾಜ್ಯದ ಗಡಿಯನ್ನು ದಾಟುತ್ತಾರೆ. ಅವರ ಹಿರಿಯರ ಕಾಲಕ್ಕೆ ಅದು ಒಂದೇ ರಾಜ್ಯದೊಳಗಿನ ದಾರಿಯಾಗಿತ್ತು.