ಕೋಲದ ಛಾಯಾಚಿತ್ರ ದಾಖಲಾತಿ: ಮಸೂರದ ಆಯ್ಕೆಯ ಪ್ರಶ್ನೆ

ತುಳುನಾಡಿನ ಭೂತಾರಾಧನೆಯ ಲಿಖಿತ ದಾಖಲಾತಿಗೆ ಶತಮಾನಕ್ಕೂ ಮೀರಿದ ಚರಿತ್ರೆಯಿದೆ. ಎ.ಸಿ. ಬರ್ನೆಲ್ ಅವರ ಸಂಗ್ರಹವು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ 1894ರಿಂದ 1897ರವರೆಗೆ ಪ್ರಕಟವಾಯಿತು. ಮುಂದೆ ಪಾಡ್ದನಗಳ ಪಾಠಭೇದದ ಬಗ್ಗೆ ವಿದ್ವಾಂಸರು ತೋರಿದ ಎಚ್ಚರ ಛಾಯಾಚಿತ್ರಗಳ ವಿಷಯದಲ್ಲಿ ಅಷ್ಟಾಗಿ ಕಾಣುವುದಿಲ್ಲ. ಚಿತ್ರದಲ್ಲಿ ಯಾವುದು ಉಳಿಯಬೇಕು, ಯಾವುದು ಮಸುಕಾಗಬೇಕು ಎಂಬುದನ್ನು ಮಸೂರವೇ ಬಹುಮಟ್ಟಿಗೆ ನಿರ್ಧರಿಸುತ್ತದೆಯಾದುದರಿಂದ ಇದು ಸಣ್ಣ ಲೋಪವಲ್ಲ.

1840ರಲ್ಲಿ ಯೋಸೆಫ್ ಪೆಟ್ಸ್‌ವಾಲ್ ರೂಪಿಸಿದ ವ್ಯಕ್ತಿಚಿತ್ರ ಮಸೂರವು ಎಫ್/3.6ರಷ್ಟು ತೆರೆದುಕೊಳ್ಳುತ್ತಿತ್ತು, ನಡುವೆ ಸ್ಫುಟ, ಅಂಚಿನಲ್ಲಿ ಮಸುಕು ಅದರ ಗುಣ. ದೊಂದಿಯ ಬೆಳಕಿನಲ್ಲಿ ನಡೆಯುವ ಕೋಲಕ್ಕೆ ಅಂಥ ತೆರವೂ ಸಾಲದು. ಹೀಗಾಗಿ ಮಿಂಚುಬೆಳಕನ್ನು ಬಳಸದ ಛಾಯಾಗ್ರಾಹಕನಿಗೆ ಸ್ಫುಟತೆಯ ಕಿರಿದಾದ ಆಳ (ಡೆಪ್ತ್ ಆಫ್ ಫೀಲ್ಡ್) ಅಲಂಕಾರವಲ್ಲ, ಅನಿವಾರ್ಯತೆ.

35 ಮಿ.ಮೀ. ಫಿಲ್ಮಿನ ಲೆಕ್ಕದಲ್ಲಿ, 85 ಮಿ.ಮೀ. ಮಸೂರವನ್ನು ಎಫ್/1.8ಕ್ಕೆ ತೆರೆದು ಒಂದೂವರೆ ಮೀಟರ್ ದೂರದಿಂದ ಮುಖವನ್ನು ಚಿತ್ರಿಸಿದರೆ ಸ್ಫುಟವಾಗುವ ಆಳ ಸುಮಾರು 3.4 ಸೆಂ.ಮೀ. ಮಾತ್ರ, ಎಫ್/5.6ಕ್ಕೆ ಕಿರಿದಾಗಿಸಿದರೆ 10 ಸೆಂ.ಮೀ. ಉದ್ದ ಮಸೂರವೇ ಮಸುಕಿಗೆ ಕಾರಣವೆಂಬ ನಂಬಿಕೆ ಪೂರ್ಣ ಸರಿಯಲ್ಲ. 50 ಮಿ.ಮೀ. ಮಸೂರದಿಂದ ಅದೇ ಗಾತ್ರದ ಮುಖ ಬೇಕೆಂದರೆ 90 ಸೆಂ.ಮೀ.ಗೆ ಸಮೀಪಿಸಬೇಕು; ಆಗಲೂ ಆಳ ಹೆಚ್ಚುಕಡಿಮೆ ಅಷ್ಟೇ. ವ್ಯತ್ಯಾಸವಿರುವುದು ನಿಲ್ಲುವ ಜಾಗದಲ್ಲಿ ಮತ್ತು ಹಿನ್ನೆಲೆ ಹರಡುವ ಬಗೆಯಲ್ಲಿ. ಪಾತ್ರಿಯ ಮುಖಕ್ಕೆ ಮೊಳವೆರಡರ ಅಂತರದಲ್ಲಿ ಕ್ಯಾಮೆರಾ ಹಿಡಿಯುವುದು ಆರಾಧನೆಗೆ ಅಡ್ಡಿ, 135 ಮಿ.ಮೀ. ಮಸೂರವಾದರೆ ಸುಮಾರು 2.4 ಮೀಟರ್ ಹಿಂದೆ ನಿಲ್ಲಬಹುದು. ಕ್ಷೇತ್ರಕಾರ್ಯದ ಮರ್ಯಾದೆಯ ದೃಷ್ಟಿಯಿಂದ ಇದೇ ಉಚಿತ.

ಆದರೆ ಕಣ್ಣಿಗೆ ನಾಭಿಯಿಟ್ಟ ಅಂಥ ಚಿತ್ರದಲ್ಲಿ ಅರದಾಳದ ಬಣ್ಣಗಾರಿಕೆ ನಿಚ್ಚಳವಾಗಿ, ಬೆನ್ನ ಹಿಂದಿನ ಅಣಿಯ ಕಟ್ಟು, ತೆಂಗಿನ ತಿರಿಯ ಉಡುಗೆಗಳು ಕರಗಿಹೋಗುತ್ತವೆ. ಕಟ್ಟುವ ಕ್ರಮವನ್ನು ಅಭ್ಯಸಿಸುವವರಿಗೆ ಕಳೆದುಹೋದದ್ದೇ ಮುಖ್ಯ. ಮೊಬೈಲ್ ದೂರವಾಣಿಯ ಕೃತಕ ಮಸುಕಂತೂ ಕೆಲವೊಮ್ಮೆ ತಿರಿಯ ತುದಿಗಳನ್ನೇ ನುಂಗುತ್ತದೆ. ಗಗ್ಗರದ ಕುಸುರಿಗೆ ಮ್ಯಾಕ್ರೋ ಮಸೂರ ಬೇಕು. ಅಲ್ಲಿ 1:1 ಪ್ರಮಾಣದಲ್ಲಿ ಎಫ್/2.8ರ ಆಳ ಮಿಲಿಮೀಟರಿನ ಮೂರನೇ ಒಂದು ಪಾಲು, ಎಫ್/11ರಲ್ಲಿ 1.3 ಮಿ.ಮೀ. ಮುಕ್ಕಾಲಿ ಅನಿವಾರ್ಯ.

ಕಾಪು ಸಮೀಪದ ಎಲ್ಲೂರು ಈ ಪ್ರಶ್ನೆಯ ಇನ್ನೊಂದು ಮುಖವನ್ನು ತೋರುತ್ತದೆ. ವಿಶ್ವೇಶ್ವರ ದೇವಸ್ಥಾನದಿಂದ ಹೆಸರಾದ ಈ ಗ್ರಾಮದಲ್ಲಿ ತಲಾ 600 ಮೆಗಾವ್ಯಾಟ್‌ನ ಎರಡು ಘಟಕಗಳ ಉಷ್ಣ ವಿದ್ಯುತ್ ಸ್ಥಾವರವು 2010ರಿಂದ ಕಾರ್ಯಾರಂಭಿಸಿತು. ಇಲ್ಲಿ ಹಗಲು ತೆಗೆದ ಚಿತ್ರದ ಹಿನ್ನೆಲೆಯಲ್ಲಿ ಚಿಮಣಿ ಕಂಡರೆ, ಅದು 2010ರ ಆಸುಪಾಸಿನದೋ ಅನಂತರದ್ದೋ ಎಂದು ತಿಳಿಯಬಹುದು. ಹಿನ್ನೆಲೆಯನ್ನು ಮಸುಕಾಗಿಸಿದರೆ ಆ ಸಾಕ್ಷ್ಯ ಹೋಗಿ, ಕಾಲವೇ ಇಲ್ಲದ ‘ಜಾನಪದ’ ಉಳಿಯುತ್ತದೆ. ಆದುದರಿಂದ ಸಮೀಪಚಿತ್ರದೊಂದಿಗೆ ಅದೇ ಸ್ಥಾನದಿಂದ 28 ಅಥವಾ 35 ಮಿ.ಮೀ. ಮಸೂರದ, ಎಫ್/8ರ ಒಂದು ವಿಶಾಲ ಚಿತ್ರವನ್ನೂ ತೆಗೆದು, ಮಸೂರ, ತೆರವು, ದೂರಗಳನ್ನು ಚಿತ್ರದ ಅಡಿಬರಹದಲ್ಲಿ ನಮೂದಿಸುವುದು ಅಗತ್ಯ.